ಅನಿಮಿಷ ದೃಷ್ಟಿ

ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿರಿಸಿ, ಅದರ ಕಪ್ಪು ಕಂತಿಯ ಹೊಳಪಿನಲ್ಲಿ ರೆಪ್ಪೆಯಿಕ್ಕದೆ ದೃಷ್ಟಿ ನಿಲ್ಲಿಸುವುದು ಶರಣರು ತೋರಿದ ಕ್ರಮ. ಕಣ್ಣು ಮುಚ್ಚಿ ಧ್ಯಾನಿಸುವುದಕ್ಕಿಂತ ಇದು ಕಠಿಣವೆಂದೇ ನನ್ನ ಭಾವನೆ. ತೆರೆದ ಕಣ್ಣಿಗೆ ಪಕ್ಕದವನೂ ಕಾಣುತ್ತಾನಷ್ಟೆ! ಸಾಮೂಹಿಕ ಪೂಜೆಗೆ ಕುಳಿತ ಬಾಲಕರಲ್ಲಿ ಒಬ್ಬನ ನೋಟ ನೆರೆಯವನ ವಿಭೂತಿಯ ಮೇಲಿದ್ದರೆ ಇನ್ನೊಬ್ಬನದು ಅಧ್ಯಾಪಕರ ಮೇಲೆ. ಅಧ್ಯಾಪಕರ ನೋಟವೆಲ್ಲಿರುವುದೆಂಬ ವಿಚಾರ ಇಲ್ಲಿ ಬೇಡ.

ಹರಿಹರನ ಪ್ರಭುದೇವರ ರಗಳೆಯಲ್ಲಿ, ಕಾಮಲತೆಯ ಅಗಲಿಕೆಯಿಂದ ಕಂಗೆಟ್ಟ ಅಲ್ಲಮನು ನೆಲವನ್ನು ಗೀರುತ್ತಿರಲು ಹೂತುಹೋದ ಗುಡಿಯ ಕಳಸ ಕಾಣಿಸುತ್ತದೆ. ಒಳಗೆ ಅನಿಮಿಷಯ್ಯನು ಕರಸ್ಥಲದ ಲಿಂಗದಲ್ಲಿ ನೆಟ್ಟ ನೋಟದಿಂದ ಕುಳಿತಿದ್ದಾನೆ. ಲಿಂಗವು ಅಲ್ಲಮನ ಕೈಸೇರುತ್ತದೆ, ಗುರುವು ದೇಹವನ್ನುಳಿಯುತ್ತಾನೆ. ಒಬ್ಬ ವ್ಯಕ್ತಿಗಾಗಿ ಹಂಬಲಿಸುತ್ತಿದ್ದ ಕಣ್ಣು ಅಂದಿನಿಂದ ಬೇರೆಡೆ ನೆಲೆಗೊಂಡಿತು.

ಆದರೆ ಅಲ್ಲಮನು ಜನರಿಂದ ದೂರ ಸರಿಯಲಿಲ್ಲವೆಂಬುದು ಗಮನಾರ್ಹ. ಮುಕ್ತಾಯಕ್ಕ, ಸೊನ್ನಲಿಗೆಯ ಸಿದ್ಧರಾಮ ಮೊದಲಾದವರನ್ನು ಅವನೇ ಕಂಡು ಮಾತನಾಡಿದ ಪ್ರಸಂಗಗಳು ಶೂನ್ಯಸಂಪಾದನೆಯಲ್ಲಿವೆ. ಅವರ ಮೆಚ್ಚುಗೆಯ ಹಂಗು ಅವನಿಗಿರಲಿಲ್ಲ. ಅದರಿಂದಲೇ, ಲೋಕವೆಲ್ಲ ಕೊಂಡಾಡುತ್ತಿದ್ದ ಸಿದ್ಧರಾಮನ ಕೆರೆ, ದೇಗುಲಗಳ ಕಾರ್ಯವನ್ನೂ ನಿಷ್ಠುರವಾಗಿ ಪ್ರಶ್ನಿಸಬಲ್ಲವನಾದನು. ಸಿದ್ಧರಾಮನ ದೊಡ್ಡತನವೆಂದರೆ, ಆ ಮಾತನ್ನು ಕೇಳಿ ಕಲ್ಯಾಣಕ್ಕೆ ಹೊರಟು ನಿಂತದ್ದು. ಕಟ್ಟಡ ಕಟ್ಟಿಸುವ ನಾವೆಲ್ಲರೂ ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಹೆಸರಿನ ಶಿಲಾಫಲಕವು ಸಂಸ್ಥೆಯ ಕೃತಜ್ಞತೆ, ಅದರಲ್ಲಿ ದೋಷವಿಲ್ಲ. ಅಕ್ಷರದ ಗಾತ್ರಕ್ಕಾಗಿ ಚರ್ಚೆ ನಡೆದಾಗ ಮಾತ್ರ ಸಂಕೋಚವಾಗುತ್ತದೆ. ಸುಗ್ಗಿಯ ಕಾಲದಲ್ಲಿ ದಾಸೋಹಕ್ಕೆಂದು ಜೋಳದ ಚೀಲವನ್ನಿಳಿಸಿ, ಹೆಸರು ಬರೆಸದೆಯೇ ಬಂಡಿ ತಿರುಗಿಸಿಕೊಂಡು ಹೋದ ರೈತರನ್ನು ನಮ್ಮ ಮಠಗಳು ಬಹಳ ಕಂಡಿವೆ.