ವಿದ್ಯುತ್ ಚಿಕಿತ್ಸೆ: ಭಯ ಬೇಡ, ತಿಳಿವಳಿಕೆ ಇರಲಿ

ಮನೋರೋಗಿಗೆ ‘ಕರೆಂಟ್ ಕೊಡಬೇಕು’ ಎಂದು ವೈದ್ಯರು ಹೇಳಿದೊಡನೆ ಮನೆಯವರು ಕಂಗಾಲಾಗುತ್ತಾರೆ. ಚಲನಚಿತ್ರಗಳು ಬಿತ್ತಿದ ಈ ಭಯವು ಎಷ್ಟೋ ಜನರನ್ನು ಚಿಕಿತ್ಸೆಯಿಂದ ದೂರವಿರಿಸಿದೆ.

1938ರಲ್ಲಿ ರೋಮ್ ನಗರದಲ್ಲಿ ಆರಂಭವಾದ ಈ ವಿಧಾನವು ಇಂದು ಬಹಳ ಸುಧಾರಿಸಿದೆ. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ನೀಡಿದ ಬಳಿಕವೇ ಮೆದುಳಿಗೆ ಕೆಲವೇ ಸೆಕೆಂಡು ವಿದ್ಯುತ್ ಹಾಯಿಸಿ, ಅಲ್ಪಕಾಲದ ಸೆಳೆತವನ್ನು ಉಂಟುಮಾಡುತ್ತಾರೆ. ರೋಗಿಗೆ ಅದರ ನೋವು ತಿಳಿಯದು. ಅರಿವಳಿಕೆಯಿಲ್ಲದೆ ಈ ಚಿಕಿತ್ಸೆ ನೀಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ನಿಷೇಧಿಸಿದೆ.

ಅನ್ನ-ನೀರನ್ನೇ ತ್ಯಜಿಸುವಂಥ ತೀವ್ರ ಖಿನ್ನತೆಯಲ್ಲಿ, ಆತ್ಮಹತ್ಯೆಯ ಆಲೋಚನೆ ಬಲಿತಾಗ, ಔಷಧಗಳು ಫಲಿಸದಿದ್ದಾಗ ಇದು ಪ್ರಾಣ ಉಳಿಸಬಲ್ಲದು. ತಲೆನೋವು, ಮರೆವು ಕಾಣಿಸಬಹುದು. ಮರೆವು ಸಾಮಾನ್ಯವಾಗಿ ಕ್ರಮೇಣ ತಗ್ಗುತ್ತದೆ. ಕೆಲವರಿಗೆ ಕೆಲವು ನೆನಪುಗಳು ಮರಳದಿರಬಹುದು. ಚಿಕಿತ್ಸೆ ಮುಗಿದರೂ ವೈದ್ಯರು ಹೇಳಿದಷ್ಟು ಕಾಲ ಮಾತ್ರೆ ಬಿಡಬಾರದು.

ಮನೋರೋಗವು ಶಾಪವಲ್ಲ, ಕಾಯಿಲೆ. ಸದ್ಭಕ್ತರು ಸಂಕೋಚ ತೊರೆದು ಮನೋವೈದ್ಯರನ್ನು ಕಾಣಬೇಕು. ಸಂದೇಹಗಳನ್ನು ಅವರಲ್ಲಿಯೇ ಕೇಳಿ ಪರಿಹರಿಸಿಕೊಳ್ಳಬೇಕು.