ಗುಡ್ಡ ಹತ್ತುವುದಕ್ಕೂ ಸಂಘ ಬೇಕೆ?

ಪ್ರಶ್ನೆ: ಅಮೆರಿಕದಲ್ಲಿ ರೂ ಮ್ಯಾಪ್ ಎಂಬ ಕಪ್ಪು ಮಹಿಳೆ ತಮ್ಮ ಸಮುದಾಯದವರನ್ನು ಕಾಡು, ಗುಡ್ಡ, ಹೊಳೆ ಸುತ್ತಿಸಲೆಂದೇ ಒಂದು ಸಂಸ್ಥೆ ಕಟ್ಟಿದ್ದಾರಂತೆ. ಗುಡ್ಡ ಹತ್ತುವುದಕ್ಕೂ ಸಂಘ ಬೇಕೆ? ನಮ್ಮ ವಿಜಯಪುರದ ಕಡೆ ಇಂಥ ಕೆಲಸ ಯಾರಾದರೂ ಮಾಡಿದ್ದಾರೆಯೆ?
— ಓದುಗರೊಬ್ಬರು, ತಿಕೋಟಾ

ಉತ್ತರ: ಬೇಕಾಗಿ ಬಂತು. ವರ್ಜೀನಿಯಾ ರಾಜ್ಯದ ಶೆನಂಡೋವ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ಜಾಗವನ್ನು ಕಪ್ಪು ಜನರಿಗೆಂದೇ ಬೇರೆ ತೆಗೆದಿಟ್ಟರು. ಈ ಭೇದ ಪೂರ್ತಿ ಹೋಗಲು 1950 ಆಗಬೇಕಾಯಿತು. ಈಜುಕೊಳಗಳ ಕಥೆ ಇನ್ನೂ ಕೆಟ್ಟದ್ದು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಹೊತ್ತಿಗೆ ಕೆಲವು ಊರುಗಳು ಎಲ್ಲರನ್ನೂ ಒಂದೇ ನೀರಿಗಿಳಿಸುವುದಕ್ಕಿಂತ ಕೊಳಕ್ಕೆ ಬೀಗ ಹಾಕುವುದೇ ಲೇಸೆಂದವು. ಅಜ್ಜನಿಗೇ ಈಜು ಬರದಿದ್ದರೆ ಮೊಮ್ಮಗನಿಗೆ ಕಲಿಸುವವರು ಯಾರು? ಇನ್ನು ಕಾಡು ಎಂದರೆ ಆ ಜನರ ಹಳಬರಿಗೆ ತಮ್ಮವರನ್ನು ಮರಕ್ಕೆ ನೇತುಹಾಕಿದ ನೆನಪು. ಅಂಥ ಕಡೆ ಮಕ್ಕಳನ್ನು ಆಡಲು ಕಳಿಸುವ ಮನಸ್ಸು ಬರುವುದಿಲ್ಲ.

ಹಾಗೆಂದು ಆ ಕಾಡುಗಳಲ್ಲಿ ಅವರ ಬೆವರು ಬಿದ್ದಿಲ್ಲ ಎಂದಲ್ಲ. 1903ರಲ್ಲಿ ಕ್ಯಾಲಿಫೋರ್ನಿಯಾದ ಸಿಕ್ವೋಯಾ ಉದ್ಯಾನದ ಉಸ್ತುವಾರಿ ನೋಡಿದ್ದು ಕಪ್ಪು ಸೇನಾಧಿಕಾರಿ ಚಾರ್ಲ್ಸ್ ಯಂಗ್. ಅಲ್ಲಿಯ ದೈತ್ಯ ಮರಗಳ ತೋಪಿಗೆ ಬಂಡಿದಾರಿ ಕಡಿದು ಮುಗಿಸಿದ್ದು ಅವರ ಕಪ್ಪು ಸೈನಿಕರ ಪಡೆ. ದಾರಿ ಕಡಿದವರು ಒಬ್ಬರು, ಆ ದಾರಿಯಲ್ಲಿ ಹವಾ ತಿನ್ನಲು ಹೋದವರು ಇನ್ನೊಬ್ಬರು. ಇಡೀ ವಿಷಯದ ಗಂಟು ಇಲ್ಲೇ ಇದೆ.

ರೂ ಮ್ಯಾಪ್ ಬೆಳೆದದ್ದು ಓಕ್ಲಂಡ್ ನಗರದಲ್ಲಿ. ಮನೆಯವರಿಗೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹೊಲ-ತೋಟವಿತ್ತು. ಮೀನು ಹಿಡಿಯುವುದು, ಬೇಟೆ, ಬಂದವರಿಗೆಲ್ಲ ಊಟ, ಇವನ್ನೆಲ್ಲ ನೋಡಿಕೊಂಡೇ ದೊಡ್ಡವರಾದರು. 2009ರಲ್ಲಿ 'ಔಟ್‌ಡೋರ್ ಆಫ್ರೋ' ಶುರು ಮಾಡಿದರು. ಅವರ ರೀತಿ ಸರಳ. ಪ್ರಕೃತಿಯ ಮಹತ್ವ ಎಂದು ಭಾಷಣ ಬಿಗಿಯುವುದಿಲ್ಲ. ಆಯಾ ಊರಿನ ಸಾಮಾನ್ಯರನ್ನೇ ಸ್ವಯಂಸೇವಕರಾಗಿ ಆರಿಸಿ ತರಬೇತಿ ಕೊಡುತ್ತಾರೆ. ಅವರು ತಮ್ಮ ಓಣಿಯವರನ್ನು ನಡಿಗೆಗೆ, ಹಕ್ಕಿ ನೋಡಲು, ದೋಣಿ ಹುಟ್ಟು ಹಾಕಲು ಕರೆದೊಯ್ಯುತ್ತಾರೆ. ಮುಂದೆ ನಡೆಯುವವರು ಗುರುತಿನ ಮುಖದವರಾದರೆ ಹಿಂದೆ ಬರುವವರಿಗೆ ಅಂಜಿಕೆ ಇರುವುದಿಲ್ಲ. 2018ರಲ್ಲಿ ಈ ನಾಯಕರ ತಂಡ ಕಿಲಿಮಂಜಾರೋ ಹತ್ತಿತು. ಮಕ್ಕಳಿಗೆ ಈಜು ಕಲಿಸುವ ಕೆಲಸವನ್ನೂ ಸಂಸ್ಥೆ ಹಚ್ಚಿಕೊಂಡಿದೆ. ಮೇಲಿನ ಬೀಗದ ಕಥೆ ಓದಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಈಗ ನಮ್ಮ ಕಡೆ ಬರೋಣ. ಆಫ್ರಿಕದ ರಕ್ತ ವಿಜಯಪುರಕ್ಕೆ ಹೊಸದಲ್ಲ. ಆದಿಲ್‌ಶಾಹಿ ದರಬಾರಿನಲ್ಲಿ ದಿಲಾವರ್ ಖಾನ್, ಇಖ್ಲಾಸ್ ಖಾನ್‌ರಂಥ ಹಬ್ಶಿ ಸರದಾರರು ರಾಜ್ಯದ ಲಗಾಮನ್ನೇ ಹಿಡಿದಿದ್ದರು. ಇಂದು ಕರ್ನಾಟಕದಲ್ಲಿ ಆಫ್ರಿಕ ಮೂಲದವರು ಹೆಚ್ಚಾಗಿ ಇರುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳಾಗಿ. ಅವರದು ಮ್ಯಾಪ್ ಅವರ ಕಥೆಗೆ ತಿರುಗಮುರುಗ. ಅವರಿಗೆ ಕಾಡು ತೋರಿಸಬೇಕಿಲ್ಲ, ಅಲ್ಲೇ ಹುಟ್ಟಿ ಬೆಳೆದವರು. ಅವರು ಕೇಳುತ್ತಿರುವುದು ಕಾಡಿನ ಭೂಮಿಯ ಹಕ್ಕುಪತ್ರ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡಿತು. ಪದಕಗಳೂ ಬಂದವು. ಆಮೇಲೆ 1993ರ ಹೊತ್ತಿಗೆ ಯೋಜನೆಯನ್ನು ಕೈಬಿಟ್ಟರು. ಹಿಂದಿನಿಂದ ಬಂದವರಿಗೆ ದಾರಿ ತೋರುವ ತಮ್ಮವರು ಬೆಳೆಯುವಷ್ಟು ಕಾಲ ಅದು ನಿಲ್ಲಲಿಲ್ಲ.

ನಿಮ್ಮ ತಾಲೂಕಿನ ಸುತ್ತ ಹತ್ತಿರದ ಉದಾಹರಣೆ ಬೇಕೆಂದರೆ ಗಿಡಗಳದ್ದಿದೆ. ವಿಜಯಪುರ ಜಿಲ್ಲೆಯಲ್ಲಿ ಅರಣ್ಯ ನೂರಕ್ಕೆ ಒಂದು ಪಾಲೂ ಇರಲಿಲ್ಲ. 2016ರಲ್ಲಿ ಬಬಲೇಶ್ವರದ ಶಾಸಕ, ಆಗಿನ ಜಲಸಂಪನ್ಮೂಲ ಸಚಿವ ಎಂ.ಬಿ. ಪಾಟೀಲರ ಮುಂದಾಳತ್ವದಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಯಿತು. ಭೂತನಾಳ ಕೆರೆಯ ಸುತ್ತ, ಮಮದಾಪುರದ ಆದಿಲ್‌ಶಾಹಿ ಕಾಲದ ಕೆರೆಯ ಕಡೆ ಗಿಡಗಳೆದ್ದವು. ಅದರ ಜೊತೆಗೇ ಬಂದದ್ದು 'ವೃಕ್ಷಥಾನ್' ಓಟ. ಊರವರು, ಹೊರಗಿನವರು ಸಾವಿರಾರು ಮಂದಿ ನಸುಕಿನಲ್ಲಿ ನಗರದ ಬೀದಿಗಿಳಿಯುತ್ತಾರೆ. ಒಳ್ಳೆಯದೇ. ಆದರೆ ಟೀಶರ್ಟ್ ಹಾಕಿಕೊಂಡು ಓಡುವವರಲ್ಲಿ, ಆ ಗಿಡಗಳಿಗೆ ಗುಂಡಿ ತೋಡಿದ ಕೂಲಿಯವರು ಎಷ್ಟು ಜನ ಇರುತ್ತಾರೆ ಎಂದು ಕೇಳುವುದು ತಪ್ಪಲ್ಲ. ಸಿಕ್ವೋಯಾದ ಬಂಡಿದಾರಿಯ ಪ್ರಶ್ನೆಯೇ ಇದು.

ಬಯಲಿನ ಸುಖ ನಮ್ಮ ಜನಕ್ಕೆ ಗೊತ್ತಿಲ್ಲದ್ದಲ್ಲ. ಎಳ್ಳ ಅಮಾವಾಸ್ಯೆಗೆ ನೋಡಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡುಬು ಬುಟ್ಟಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಎದೆಮಟ್ಟದ ಜೋಳದ ನಡುವೆ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಕೂತು ಉಣ್ಣುತ್ತಾರೆ. ಆದರೆ ಇದು ಹೊಲ ಇದ್ದವರ ಹಬ್ಬ. ತಿಕೋಟಾ ಕಡೆಯ ದ್ರಾಕ್ಷಿ ಪಡದಲ್ಲಿ ಚಾಟಣಿ ಮಾಡುವ, ಗೊನೆ ಕತ್ತರಿಸುವ ಹೆಂಗಸಿಗೆ ಹೊಲವೆಂದರೆ ದಗದ, ಅಷ್ಟೇ. ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರಿಗೂ ಹಾಗೇ. ದಿನಾ ಬಿಸಿಲಲ್ಲೇ ಇರುವವರನ್ನು ಪ್ರಕೃತಿಯಿಂದ ದೂರ ಇದ್ದಾರೆ ಎನ್ನುವಂತಿಲ್ಲ. ಅಲ್ಲಿ ಸುಮ್ಮನೆ ಕೂರುವ ಪುರಸೊತ್ತು ಅವರ ಪಾಲಿಗೆ ಬಂದಿಲ್ಲ. ಜಾತಿಯ ಮಾತು ಬೇರೆ ಹೇಳಬೇಕಿಲ್ಲ. ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಅಂಬೇಡ್ಕರರು ಮಹಾಡದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಈಜುಕೊಳಕ್ಕೆ ಬೀಗ ಹಾಕಿದವರನ್ನು ಬೈಯುವಾಗ ಇದೂ ನೆನಪಿರಲಿ.

ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಗಿಡ ನೆಡುವ ಕೆಲಸ ನಿಮ್ಮಲ್ಲಿ ಜೋರಾಗಿಯೇ ನಡೆದಿದೆ, ಕೈಹಿಡಿದು ಕರೆದೊಯ್ಯುವ ಕೆಲಸಕ್ಕೆ ಇನ್ನೂ ಜಾಗ ಇದೆ. ಅದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಒಂದು ಟಂಟಂ, ಒಂದು ರವಿವಾರ, ತಾಂಡಾದ ಅಥವಾ ಕೇರಿಯ ಹತ್ತು ಮಕ್ಕಳು, ಅವರ ಓಣಿಯದೇ ಒಬ್ಬ ಅಕ್ಕ ಇದ್ದರೆ ಸಾಕು. ತಿಕೋಟಾದಿಂದ ಮಮದಾಪುರ ಕೆರೆ ದೂರವೇನಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ.