ನವೀಕರಣದ ಮರುದಿನ: ಮೆಶ್ ವೈ-ಫೈ ಕೈಕೊಟ್ಟಾಗ ವ್ಯಾಪಾರಿಯು ಮಾಡಬೇಕಾದುದೇನು?

ತೆರಿಗೆ ಹಾಗೂ ಲೆಕ್ಕಪತ್ರಗಳ ಕುರಿತು ಬರೆಯುತ್ತಿದ್ದ ನಾನು ಈ ಬಾರಿ ವೈ-ಫೈ ಯಂತ್ರದ ವಿಷಯವನ್ನು ಕೈಗೆತ್ತಿಕೊಂಡಿರುವುದನ್ನು ಕಂಡು ಸದಸ್ಯ ಬಾಂಧವರಿಗೆ ಆಶ್ಚರ್ಯವಾಗಬಹುದು. ಆದರೆ ಇಂದು ಇನ್‌ವಾಯ್ಸ್, ಇ-ವೇ ಬಿಲ್, ಚಲನ್, ರಿಟರ್ನ್ ಎಲ್ಲವೂ ಅಂತರ್ಜಾಲದ ಮೂಲಕವೇ ಸಾಗಬೇಕು. ಬಳ್ಳಾರಿಯ ಕೌಲ್ ಬಜಾರ್, ಬ್ರೂಸ್‌ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವವರು ಅನೇಕರು. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಗಿರಣಿಯ ಪಕ್ಕದಲ್ಲಿಯೇ ಮಾಲೀಕರ ವಾಸ. ಹೀಗಾಗಿ ಮನೆಯ ವೈ-ಫೈ ಎಂಬುದು ವ್ಯಾಪಾರದ ವೈ-ಫೈ ಕೂಡ ಹೌದು. ಅದು ನಿಂತರೆ ವಹಿವಾಟೂ ನಿಲ್ಲುತ್ತದೆ.

ನನ್ನ ಕಚೇರಿಯಲ್ಲಿ ನಡೆದದ್ದು

ನನ್ನ ಕಚೇರಿಯು ಬಳ್ಳಾರಿಯ ನನ್ನ ಮನೆಯಲ್ಲಿಯೇ ಇದೆ. ಕೆಳಮಹಡಿಯದು ಹಳೆಯ ಕಲ್ಲಿನ ಗೋಡೆ. ಒಂದೇ ವೈ-ಫೈ ಯಂತ್ರದ ಸಂಕೇತವು ಆ ಗೋಡೆಗಳನ್ನು ದಾಟದ ಕಾರಣ, ಒಂದು ಮುಖ್ಯ ಯಂತ್ರ ಮತ್ತು ಎರಡು ಉಪಯಂತ್ರಗಳುಳ್ಳ ಮೆಶ್ ವ್ಯವಸ್ಥೆಯನ್ನು ಹಾಕಿಸಿದ್ದೆ. ಒಂದು ತಿಂಗಳ 20ನೇ ತಾರೀಖು, ಅಂದರೆ ಜಿಎಸ್‌ಟಿಆರ್-3ಬಿ ಸಲ್ಲಿಕೆಯ ಕೊನೆಯ ದಿನ, ಬೆಳಿಗ್ಗೆ ಬಂದು ನೋಡಿದರೆ ಕೆಳಮಹಡಿಯ ಗಣಕಯಂತ್ರಗಳಿಗೆ ಸಂಪರ್ಕವಿಲ್ಲ, ಪ್ರಿಂಟರ್ ಕಾಣಿಸುತ್ತಿಲ್ಲ. ರಾತ್ರಿ ನಾವು ಮಲಗಿದ್ದಾಗ ಯಂತ್ರವು ತನ್ನ ತಂತ್ರಾಂಶವನ್ನು ತಾನೇ ನವೀಕರಿಸಿಕೊಂಡಿತ್ತು.

ಆಗ ನಾನು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕಾರಣವನ್ನು ವಿಚಾರಿಸದೆ, ಯಂತ್ರದ ಹಿಂದಿನ ಸಣ್ಣ ರಂಧ್ರಕ್ಕೆ ಗುಂಡುಸೂಜಿ ಚುಚ್ಚಿ 'ರೀಸೆಟ್' ಮಾಡುವಂತೆ ಸಹಾಯಕನಿಗೆ ಹೇಳಿದೆ. ಸಂಪರ್ಕ ಪಡೆಯಲು ಬೇಕಾದ ಬಳಕೆದಾರರ ಹೆಸರು ಮತ್ತು ಗುಪ್ತಪದಗಳು ಅದರೊಂದಿಗೆ ಅಳಿಸಿಹೋದವು. ಅವುಗಳನ್ನು ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸಂಪರ್ಕ ಒದಗಿಸುವವರಿಂದ ಅವನ್ನು ಮತ್ತೆ ಪಡೆಯಲು ಯತ್ನಿಸುವುದರಲ್ಲಿಯೇ ದಿನ ಕಳೆಯಿತು. ಜೇಬಿನಲ್ಲಿದ್ದ ಮೊಬೈಲಿನ ಹಾಟ್‌ಸ್ಪಾಟ್ ನೆನಪಾದುದು ಸಂಜೆ ಐದರ ನಂತರ. ಬಾಕಿ ಇದ್ದ ನಾಲ್ಕು ರಿಟರ್ನ್‌ಗಳಲ್ಲಿ ಮೂರು ಮುಗಿದವು. ನಾಲ್ಕನೆಯದು ಕುರುಗೋಡಿನ ಒಬ್ಬ ಹಿರಿಯ ವರ್ತಕರದು. ಚಲನ್ ಪಾವತಿಗೆ ಬ್ಯಾಂಕಿನ ಓಟಿಪಿ ಅವರ ಫೋನಿಗೇ ಬರಬೇಕು. ರಾತ್ರಿ ಹನ್ನೊಂದಕ್ಕೆ ನಾವು ಕರೆ ಮಾಡಿದಾಗ ಅವರು ಮಲಗಿಬಿಟ್ಟಿದ್ದರು.

ವಿಳಂಬ ಶುಲ್ಕ 50 ರೂಪಾಯಿ, ಮೇಲೆ ಒಂದು ದಿನದ ಬಡ್ಡಿ. ಅದನ್ನು ನಾನೇ ಭರಿಸಿದೆ. ಆದರೆ 2017ರ ಜುಲೈ ತಿಂಗಳಲ್ಲಿ ಜಿಎಸ್‌ಟಿ ಬಂದಂದಿನಿಂದ ಒಂದು ದಿನವೂ ತಡಮಾಡದ ಅವರ ದಾಖಲೆಯಲ್ಲಿ ಮೊದಲ ಕಪ್ಪು ಚುಕ್ಕೆ ನನ್ನ ಕಚೇರಿಯಿಂದ ಬಿದ್ದಿತು. "ಇರ್ಲಿ ಬಿಡ್ರಿ ಸಾರ್, ಮಿಷನ್ ಅಂದಮೇಲೆ ಕೆಡ್ತಾವು" ಎಂದರು ಅವರು. ಯಂತ್ರ ಕೆಟ್ಟಿರಲಿಲ್ಲ, ಕೆಡಿಸಿದವನು ನಾನು ಎಂಬುದು ನನಗೆ ಗೊತ್ತಿತ್ತು. ಈ ಲೇಖನಕ್ಕೆ ಅದೇ ಪ್ರೇರಣೆ.

ಮೆಶ್ ಎಂದರೇನು, ನವೀಕರಣ ಏಕೆ?

ಸಂಪರ್ಕದ ತಂತಿಯು ಮೊದಲು ಮೋಡೆಮ್‌ಗೆ, ಅಲ್ಲಿಂದ ಮುಖ್ಯ ಯಂತ್ರಕ್ಕೆ ಬರುತ್ತದೆ. ಉಪಯಂತ್ರಗಳು ಮುಖ್ಯ ಯಂತ್ರದೊಡನೆ ನಿಸ್ತಂತುವಾಗಿ ಅಥವಾ ಕೇಬಲ್ ಮೂಲಕ ಮಾತನಾಡುತ್ತಾ ಮನೆಯೆಲ್ಲೆಡೆ ಒಂದೇ ಹೆಸರಿನ ವೈ-ಫೈ ಹರಡುತ್ತವೆ. ಪ್ರಧಾನ ಕಚೇರಿ ಮತ್ತು ಶಾಖೆಗಳಿದ್ದಂತೆ. ಫರ್ಮ್‌ವೇರ್ ಎಂಬುದು ಈ ಯಂತ್ರಗಳೊಳಗೆ ನೆಲೆಸಿರುವ, ಅವುಗಳನ್ನು ನಡೆಸುವ ತಂತ್ರಾಂಶ.

ತೊಂದರೆ ಕೊಡುವ ನವೀಕರಣವೇ ಬೇಡವೆಂದು ಅದನ್ನು ಶಾಶ್ವತವಾಗಿ ನಿಲ್ಲಿಸಿಬಿಡುವುದು ತರವಲ್ಲ. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂ ದೇಶದ ಸಂಶೋಧಕ ಮ್ಯಾಥಿ ವಾನ್‌ಹೂಫ್ ಅವರು, ಆಗ ಎಲ್ಲೆಡೆ ಬಳಕೆಯಲ್ಲಿದ್ದ ಡಬ್ಲ್ಯುಪಿಎ-2 ಎಂಬ ವೈ-ಫೈ ಭದ್ರತಾ ಕ್ರಮದಲ್ಲಿಯೇ ಲೋಪವಿರುವುದನ್ನು ಪ್ರಕಟಿಸಿದರು. ಗುಪ್ತಪದ ಬದಲಿಸಿದರೆ ಆ ಲೋಪ ಹೋಗುವಂತಿರಲಿಲ್ಲ. ಉಪಕರಣಗಳ ತಂತ್ರಾಂಶವನ್ನು ನವೀಕರಿಸುವುದೇ ಪರಿಹಾರವಾಗಿತ್ತು. ಬ್ಯಾಂಕ್ ವ್ಯವಹಾರ ನಡೆಯುವ ಜಾಲಕ್ಕೆ ಇಂತಹ ರಕ್ಷಣೆ ಅತ್ಯಗತ್ಯ.

ಅದೇ ವೇಳೆ, ದೂರದಿಂದ ಬರುವ ಬದಲಾವಣೆಗಳು ಎಡವುದೂ ಉಂಟು. 2017ರ ಫೆಬ್ರುವರಿಯಲ್ಲಿ ಗೂಗಲ್ ಸಂಸ್ಥೆಯ ಖಾತೆ ವ್ಯವಸ್ಥೆಯಲ್ಲಿ ಉಂಟಾದ ದೋಷದಿಂದ ಅದರ ಅನೇಕ ವೈ-ಫೈ ಯಂತ್ರಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿ, ಮಾಲೀಕರು ಮತ್ತೆ ಮೊದಲಿನಿಂದ ಜೋಡಿಸಿಕೊಳ್ಳಬೇಕಾಯಿತು. 2023ರ ಮೇ ತಿಂಗಳಲ್ಲಿ ಏಸಸ್ ಸಂಸ್ಥೆಯ ಸರ್ವರ್‌ನಲ್ಲಿನ ಒಂದು ಕಡತದ ತಪ್ಪಿನಿಂದ ಅನೇಕ ದೇಶಗಳಲ್ಲಿ ಅದರ ರೂಟರ್‌ಗಳು ಸಂಪರ್ಕ ಕಳೆದುಕೊಂಡವು. ಸಂಸ್ಥೆಯು ಕ್ಷಮೆ ಕೋರಿತು. ಆದುದರಿಂದ ನವೀಕರಣ ಬೇಕೇ ಬೇಡವೇ ಎಂಬುದಕ್ಕಿಂತ, ಅದಕ್ಕೆ ನಾವು ಸಿದ್ಧರಿದ್ದೇವೆಯೇ ಎಂಬುದೇ ಮುಖ್ಯ ಪ್ರಶ್ನೆ.

ನವೀಕರಣದ ನಂತರ ಸಾಮಾನ್ಯವಾಗಿ ಕೆಡುವುದೇನು?

1. ಮುಖ್ಯ ಯಂತ್ರ ನವೀಕರಣಗೊಂಡು ಉಪಯಂತ್ರಗಳು ಹಳೆಯ ಆವೃತ್ತಿಯಲ್ಲಿಯೇ ಉಳಿಯುತ್ತವೆ. ಆಗ ಪರಸ್ಪರ ಹೊಂದಾಣಿಕೆ ತಪ್ಪಬಹುದು. ನಡುವೆ ವಿದ್ಯುತ್ ಹೋದರೆ ಯಂತ್ರವೇ ನಿಷ್ಕ್ರಿಯವಾಗುವ ಅಪಾಯವಿದೆ.

2. ಭದ್ರತಾ ಕ್ರಮವು ಹೊಸ ಡಬ್ಲ್ಯುಪಿಎ-3ಕ್ಕೆ ಮಾತ್ರ ಸೀಮಿತಗೊಂಡರೆ ಹಳೆಯ ಪ್ರಿಂಟರ್, ಬಿಲ್ಲಿಂಗ್ ಯಂತ್ರ, ಕ್ಯಾಮೆರಾಗಳು ಹೊರಗುಳಿಯುತ್ತವೆ. ಎರಡನ್ನೂ ಒಪ್ಪುವ ಮಿಶ್ರ ಕ್ರಮವನ್ನು ಆರಿಸಿದರೆ ಬಹುಪಾಲು ಸರಿಹೋಗುತ್ತದೆ.

3. ಹಳೆಯ ಉಪಕರಣಗಳು 2.4 ಗಿಗಾಹರ್ಟ್ಜ್ ತರಂಗವನ್ನಷ್ಟೇ ಬಲ್ಲವು. ಅದು ಸ್ಥಗಿತಗೊಂಡಿದ್ದರೆ ಅವಕ್ಕೆ ವೈ-ಫೈ ಕಾಣುವುದೇ ಇಲ್ಲ. 5 ಗಿಗಾಹರ್ಟ್ಜ್ ವೇಗವಾದುದಾದರೂ ಕಲ್ಲಿನ ಗೋಡೆ ದಾಟುವಲ್ಲಿ ದುರ್ಬಲ.

4. ಗಣಕಯಂತ್ರಗಳ ಐಪಿ ವಿಳಾಸ ಬದಲಾಗುತ್ತದೆ. ಅಂತರ್ಜಾಲ ಸರಿಯಿದ್ದರೂ ಪ್ರಿಂಟರ್ ಸಿಗದು. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶವನ್ನು ಹಲವರು ಒಟ್ಟಿಗೆ ಬಳಸುವಲ್ಲಿ, ಇತರ ಯಂತ್ರಗಳು ಮುಖ್ಯ ಗಣಕಯಂತ್ರವನ್ನು ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿರುತ್ತವೆ. ಮುಖ್ಯ ಗಣಕಯಂತ್ರಕ್ಕೂ ಪ್ರಿಂಟರಿಗೂ ವಿಳಾಸವನ್ನು ಕಾಯ್ದಿರಿಸುವುದೇ ಇದಕ್ಕೆ ಮದ್ದು.

5. ಮೋಡೆಮ್ ಮತ್ತು ಮೆಶ್ ಎರಡೂ ವಿಳಾಸ ಹಂಚಲು ತೊಡಗುತ್ತವೆ. ಒಂದೇ ಅಂಗಡಿಯಲ್ಲಿ ಇಬ್ಬರು ಗುಮಾಸ್ತರು ಒಂದೇ ರಸೀದಿ ಪುಸ್ತಕದಲ್ಲಿ ಬರೆದಂತಾಗಿ ಗೊಂದಲವಾಗುತ್ತದೆ. ಆ ಕೆಲಸ ಒಂದಕ್ಕೆ ಮಾತ್ರ ಇರಬೇಕು.

ಇವುಗಳಲ್ಲಿ ಯಾವುದೂ ಯಂತ್ರ ಸುಟ್ಟುಹೋದ ಲಕ್ಷಣವಲ್ಲ. ಆದರೆ ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ತಗಡಿನ ಛಾವಣಿಯ ಕೆಳಗೆ ಅಥವಾ ಮುಚ್ಚಿದ ಕಪಾಟಿನಲ್ಲಿ ಇಟ್ಟ ಯಂತ್ರವು ಶಾಖದಿಂದಲೂ ಕುಂಟಬಹುದು. ಮೊದಲು ಕೈಯಿಟ್ಟು ನೋಡುವುದು ಒಳಿತು.

ಪರಿಶೀಲನೆಯ ಕ್ರಮ

ಲೆಕ್ಕ ತಾಳೆಯಾಗದಿದ್ದರೆ ನಾವು ಆರಂಭಿಕ ಶಿಲ್ಕಿನಿಂದ ಹೊರಟು ಒಂದೊಂದೇ ನಮೂದನ್ನು ನೋಡುತ್ತೇವೆ. ಇಲ್ಲಿಯೂ ಬೀದಿಯಿಂದ ಒಳಮನೆಯ ಕಡೆಗೆ ಬರಬೇಕು.

ಮೊದಲಿಗೆ ಮೋಡೆಮ್‌ನ ದೀಪಗಳನ್ನು ನೋಡಿ. 'ಎಲ್‌ಓಎಸ್' ಎಂಬಲ್ಲಿ ಕೆಂಪು ದೀಪವಿದ್ದರೆ ಹೊರಗಿನ ಫೈಬರ್ ತಂತಿಯಿಂದ ಸಂಕೇತ ಬರುತ್ತಿಲ್ಲವೆಂದೇ ಅರ್ಥ, ಮೆಶ್‌ನದು ತಪ್ಪಲ್ಲ. ಎರಡನೆಯದಾಗಿ, ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಮುಖ್ಯ ಯಂತ್ರಕ್ಕೆ ಜೋಡಿಸಿ. ಸಂಪರ್ಕ ಬಂದರೆ ದೋಷ ವೈ-ಫೈ ಭಾಗದಲ್ಲಿದೆ. ಮೂರನೆಯದಾಗಿ, ಮುಖ್ಯ ಯಂತ್ರದ ಬಳಿಯೇ ನಿಂತು ವೈ-ಫೈ ಪರೀಕ್ಷಿಸಿ, ನಂತರ ಉಪಯಂತ್ರದ ಬಳಿ ನೋಡಿ. ಎಲ್ಲಿ ಕಡಿಯಿತೋ ಅಲ್ಲಿಯೇ ದೋಷ.

ಬಳಿಕ ಎಲ್ಲವನ್ನೂ ಆರಿಸಿ, ಮೊದಲು ಮೋಡೆಮ್, ಎರಡು ಮೂರು ನಿಮಿಷಗಳ ನಂತರ ಮುಖ್ಯ ಯಂತ್ರ, ಆಮೇಲೆ ಒಂದೊಂದೇ ಉಪಯಂತ್ರ ಎಂಬ ಕ್ರಮದಲ್ಲಿ ಚಾಲನೆ ಮಾಡಿ. ಅನೇಕ ವೇಳೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಎಲ್ಲ ಯಂತ್ರಗಳ ಆವೃತ್ತಿ ಸಂಖ್ಯೆ ಒಂದೇ ಇದೆಯೇ ಎಂದು ನೋಡಿ. ಇಲ್ಲವಾದರೆ ಹಿಂದುಳಿದ ಉಪಯಂತ್ರವನ್ನು ಕೇಬಲ್ ಮೂಲಕ ಮುಖ್ಯ ಯಂತ್ರಕ್ಕೆ ಜೋಡಿಸಿ ನವೀಕರಿಸಿ.

ಒಂದನ್ನು ಮರೆಯಬಾರದು: ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಮೊದಲನೆಯದು ಸಂಜೆ ಮುಚ್ಚಿದ ಖಾತೆ ಪುಸ್ತಕವನ್ನು ಬೆಳಿಗ್ಗೆ ತೆರೆದಂತೆ. ಎರಡನೆಯದು ಪುಸ್ತಕವನ್ನೇ ಒಲೆಗೆ ಹಾಕಿ ಹೊಸದನ್ನು ತಂದಂತೆ. ಆದುದರಿಂದ ರೀಸೆಟ್ ಕೊನೆಯ ಉಪಾಯವಾಗಿರಲಿ.

ನಷ್ಟದ ಲೆಕ್ಕ

ತೆರಿಗೆಯುಳ್ಳ ರಿಟರ್ನ್ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. 4 ಲಕ್ಷ ರೂ. ತೆರಿಗೆ ಮೂರು ದಿನ ತಡವಾದರೆ ಬಡ್ಡಿ ಸುಮಾರು 592 ರೂ., ಶುಲ್ಕ 150 ರೂ., ಒಟ್ಟು 742 ರೂ. ಇದು ಸಹಿಸಬಹುದಾದ ಮೊತ್ತ.

ಸಹಿಸಲಾಗದ್ದು ಬೇರೆ ಇದೆ. ಮಾಸಿಕ ಸಲ್ಲಿಕೆದಾರರು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ, 14ರಂದು ಸಿದ್ಧವಾಗುವ ಖರೀದಿದಾರರ 2ಬಿ ಪಟ್ಟಿಯಲ್ಲಿ ಆ ಇನ್‌ವಾಯ್ಸ್ ಬರುವುದಿಲ್ಲ. ಶೇ. 5ರ ದರದಲ್ಲಿ 10 ಲಕ್ಷ ರೂ. ಮೌಲ್ಯದ ಜೀನ್ಸ್ ಖರೀದಿಸಿದ ಹೊರ ಊರಿನ ವರ್ತಕರಿಗೆ 50,000 ರೂ. ಕ್ರೆಡಿಟ್ ಆ ತಿಂಗಳು ದೊರೆಯದು. ಮುಂದಿನ ಆರ್ಡರ್ ಕೊಡುವಾಗ ಅವರು ಇದನ್ನು ನೆನಪಿಡುತ್ತಾರೆ.

ಸಿರುಗುಪ್ಪದಿಂದ ಆದೋನಿಯ ಕಡೆಗೆ ಗಡಿ ದಾಟುವ ಲಾರಿಯ ಸರಕು 50,000 ರೂ. ಮೀರಿದ್ದರೆ ಇ-ವೇ ಬಿಲ್ ಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕೂಡ ಕಡ್ಡಾಯ. ಸಂಪರ್ಕವಿಲ್ಲವೆಂದು ಲಾರಿಯನ್ನು ಹಾಗೆಯೇ ಕಳುಹಿಸಿ ಸಿಕ್ಕಿಬಿದ್ದರೆ, ತೆರಿಗೆಯುಳ್ಳ ಸರಕಿನ ಮಾಲೀಕರು ಮುಂದೆ ಬಂದಾಗಲೂ 129ನೇ ಕಲಮಿನಡಿ ತೆರಿಗೆಯ ಶೇ. 200ರಷ್ಟು ದಂಡ. ವೈ-ಫೈ ಕೆಟ್ಟಿತ್ತು ಎಂಬುದು ಅಲ್ಲಿ ಸಮಜಾಯಿಷಿಯಾಗಲಾರದು.

ಕಂಪನಿಗಳಿಗೆ ಇನ್ನೊಂದು ಎಚ್ಚರಿಕೆ. 2022ರ ಆಗಸ್ಟ್‌ನ ತಿದ್ದುಪಡಿಯಂತೆ ಗಣಕೀಕೃತ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ದಿನವಹಿ ಇರಿಸಬೇಕು. ಜಾಲದ ಮೂಲಕ ತಾನಾಗಿ ನಡೆಯುವ ಬ್ಯಾಕಪ್, ನವೀಕರಣದ ನಂತರ ಸದ್ದಿಲ್ಲದೆ ನಿಂತಿರಬಹುದು. ತಪ್ಪದೇ ಪರೀಕ್ಷಿಸಿ.

ಪಾಲಿಸಬೇಕಾದ ನಿಯಮಗಳು

- ಯಂತ್ರಕ್ಕೂ ಒಂದು ವಹಿ ಇಡಿ. ಸಂಪರ್ಕದ ಬಳಕೆದಾರರ ಹೆಸರು, ಗುಪ್ತಪದ, ಕಾಯ್ದಿರಿಸಿದ ವಿಳಾಸಗಳು, ಆವೃತ್ತಿ ಸಂಖ್ಯೆ, ನವೀಕರಿಸಿದ ದಿನಾಂಕಗಳನ್ನು ಬರೆದು ಬೀರುವಿನಲ್ಲಿ ಭದ್ರವಾಗಿರಿಸಿ. ಯಂತ್ರದಲ್ಲಿ ಸೌಲಭ್ಯವಿದ್ದರೆ ಸೆಟ್ಟಿಂಗ್‌ಗಳ ಪ್ರತಿಯನ್ನೂ ತೆಗೆದಿಡಿ.
- ಸಾಧ್ಯವಿರುವಲ್ಲಿ ನವೀಕರಣದ ಸಮಯವನ್ನು ನೀವೇ ನಿಗದಿಪಡಿಸಿ. 11, 13, 20, 22ನೇ ತಾರೀಖುಗಳು ಮುಗಿದ ಮೇಲೆ, ತಿಂಗಳ 23ರಿಂದ 28ರೊಳಗಿನ ಒಂದು ಬಿಡುವಿನ ಬೆಳಗು ಸೂಕ್ತ. ತುರ್ತು ಭದ್ರತಾ ನವೀಕರಣವಾದರೆ ಕಾಯದೆ, ಅಂದು ವಹಿವಾಟು ಮುಗಿದ ಮೇಲೆ ಮಾಡಿ.
- ಮೋಡೆಮ್, ಮುಖ್ಯ ಯಂತ್ರ, ಉಪಯಂತ್ರಗಳಿಗೆ ಯುಪಿಎಸ್ ಇರಲಿ.
- ಲೆಕ್ಕದ ಮುಖ್ಯ ಗಣಕಯಂತ್ರವನ್ನು ಕೇಬಲ್ ಮೂಲಕವೇ ಜೋಡಿಸಿ.
- ಬೇರೊಂದು ಕಂಪನಿಯ ಮೊಬೈಲ್ ಸಂಪರ್ಕವನ್ನು ಹಾಟ್‌ಸ್ಪಾಟ್‌ಗೆ ಸಿದ್ಧವಾಗಿಡಿ. ತಿಂಗಳಿಗೊಮ್ಮೆ ಅದರಿಂದ ಪೋರ್ಟಲ್ ತೆರೆದು ನೋಡಿ.
- ಕೊನೆಯ ದಿನವನ್ನು ಎರಡು ದಿನ ಮುಂಚಿತವೆಂದೇ ಎಣಿಸಿ.

ಕುರುಗೋಡಿನ ಆ ಹಿರಿಯರ ರಿಟರ್ನ್ ಈಗ ನನ್ನ ಕಚೇರಿಯಿಂದ 18ನೇ ತಾರೀಖಿಗೇ ಹೋಗುತ್ತದೆ. ವೈ-ಫೈ ವಹಿಯು ಆಡಿಟ್ ಕಡತಗಳ ಪಕ್ಕದಲ್ಲಿಯೇ ಇದೆ. ಸದಸ್ಯರು ಈ ವಾರವೇ ತಮ್ಮ ಸಂಪರ್ಕದ ಹೆಸರು ಮತ್ತು ಗುಪ್ತಪದಗಳನ್ನು ಪತ್ತೆಹಚ್ಚಿ ಬರೆದಿಟ್ಟರೆ, ನಾನು ಕಳೆದುಕೊಂಡ ಒಂದು ದಿನವನ್ನು ಅವರು ಉಳಿಸಿಕೊಂಡಂತಾಗುತ್ತದೆ.